ಕೊಳ್ಳುವ ಸೇರು, ಕೊಡುವ ಸೇರು

ಈ ವರ್ಷದ ಚರ್ಚಾಸ್ಪರ್ಧೆಯಲ್ಲಿ ನನಗೆ ಪ್ರಥಮ ಬಹುಮಾನ ಬಂದ ಸಂಗತಿ ಈ ಸಂಚಿಕೆಯ ವರದಿಯ ಪುಟಗಳಲ್ಲಿ ಅಚ್ಚಾಗಿರಬಹುದು. "ಅಮೆರಿಕದ ವರ್ಣಭೇದವು ಮಾನವಕುಲಕ್ಕೆ ಕಳಂಕ" ಎಂಬುದು ವಿಷಯ. ನಾನು ಪರವಾಗಿ ಮಾತನಾಡಿದೆ. ವಿರೋಧವಾಗಿ ಮಾತನಾಡಲು ಯಾರೂ ಮುಂದೆ ಬರಲಿಲ್ಲವಾದ್ದರಿಂದ ಅಧ್ಯಾಪಕರೇ ಇಬ್ಬರನ್ನು ಒತ್ತಾಯದಿಂದ ಎಬ್ಬಿಸಬೇಕಾಯಿತು. ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಆದರೆ ಆ ಬಹುಮಾನದ ವಿಷಯದಲ್ಲಿ ನನ್ನ ಮನಸ್ಸಿಗೆ ಸಮಾಧಾನವಿಲ್ಲ. ಏತಕ್ಕೆ ಇಲ್ಲವೆಂಬುದನ್ನು ಸಹಪಾಠಿ ಮಿತ್ರರ ಮುಂದೆಯೂ ಗುರುಗಳ ಮುಂದೆಯೂ ಹೇಳಿಕೊಳ್ಳಬೇಕೆಂದು ಈ ಲೇಖನ ಬರೆದಿದ್ದೇನೆ.

ಅಂದು ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. 1955ರ ಡಿಸೆಂಬರ್ 1ರಂದು ಅಲಬಾಮ ಸಂಸ್ಥಾನದ ಮಾಂಟ್‌ಗೊಮರಿ ಪಟ್ಟಣದಲ್ಲಿ ರೋಸಾ ಪಾರ್ಕ್ಸ್ ಎಂಬ ಹೊಲಿಗೆ ಕೆಲಸದ ಹೆಂಗಸು ಬಿಳಿಯನಿಗಾಗಿ ಬಸ್ಸಿನ ಆಸನ ಬಿಟ್ಟೇಳಲು ಒಪ್ಪದೆ ಬಂಧನಕ್ಕೊಳಗಾದುದನ್ನು ಹೇಳಿದೆ. ಆ ಊರಿನ ಕಪ್ಪು ಜನರು 381 ದಿನ ಬಸ್ಸು ಹತ್ತದೆ ನಡೆದೇ ಕೆಲಸಕ್ಕೆ ಹೋದುದನ್ನು ಹೇಳಿದೆ. ಅದೇ 1955ರ ಬೇಸಿಗೆಯಲ್ಲಿ ಮಿಸಿಸಿಪಿಯಲ್ಲಿ ಎಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಹುಡುಗನನ್ನು ಕೊಂದವರನ್ನು ಬಿಳಿಯರೇ ತುಂಬಿದ್ದ ಪಂಚಾಯ್ತಿದಾರರ ಮಂಡಲಿ ನಿರ್ದೋಷಿಗಳೆಂದು ಬಿಟ್ಟುಬಿಟ್ಟುದನ್ನು ಹೇಳಿದೆ. ಇದೆಲ್ಲ ಹಳೆಯ ಕಥೆಯೆಂದು ಯಾರೂ ಅನ್ನದಿರಲೆಂದು, 2020ರ ಮೇ 25ರಂದು ಮಿನಿಯಾಪೊಲಿಸ್ ನಗರದ ಬೀದಿಯಲ್ಲಿ ಪೊಲೀಸನೊಬ್ಬನು ಒಂಬತ್ತು ನಿಮಿಷಕ್ಕೂ ಹೆಚ್ಚು ಕಾಲ ಕತ್ತಿನ ಮೇಲೆ ಮಂಡಿಯೂರಿ ಜಾರ್ಜ್ ಫ್ಲಾಯ್ಡ್ ಎಂಬಾತನ ಉಸಿರು ನಿಲ್ಲಿಸಿದ್ದನ್ನೂ ಹೇಳಿದೆ.

ಸಭೆಗೆ ಎಲ್ಲಕ್ಕಿಂತ ಹೆಚ್ಚು ತಾಕಿದ್ದು ಒಂದು ಲೆಕ್ಕ. 1986ರಲ್ಲಿ ಅಮೆರಿಕದಲ್ಲಿ ಮಾದಕವಸ್ತುಗಳ ವಿರುದ್ಧ ಒಂದು ಕಾನೂನಾಯಿತು. ಕೊಕೇನನ್ನು ಪುಡಿಯಾಗಿ ಮಾರುವವನಿಗೆ ಕನಿಷ್ಠ ಐದು ವರ್ಷ ಜೈಲಾಗಬೇಕಾದರೆ ಅವನ ಬಳಿ 500 ಗ್ರಾಂ ಸಿಕ್ಕಬೇಕು. ಅದೇ ಕೊಕೇನನ್ನು ಕಾಯಿಸಿ ಹರಳು ಮಾಡಿ, 'ಕ್ರ್ಯಾಕ್' ಎಂದು ಮಾರುವವನಿಗೆ ಅದೇ ಶಿಕ್ಷೆಯಾಗಲು ಬರೀ 5 ಗ್ರಾಂ ಸಾಕು. ವಸ್ತು ಒಂದೇ. ಹರಳಿನ ಮೊಕದ್ದಮೆಗಳಲ್ಲಿ ಸಿಕ್ಕಿಬಿದ್ದವರು ಬಹುಪಾಲು ಕಪ್ಪು ಜನರು. 2010ರಲ್ಲಿ ಆ ಕಾನೂನನ್ನು ತಿದ್ದಿದರು. ತಿದ್ದಿದ ಮೇಲೂ ನೂರಕ್ಕೆ ಒಂದಿದ್ದದ್ದು ಹದಿನೆಂಟಕ್ಕೆ ಒಂದಾಯಿತೇ ಹೊರತು ಸಮವಾಗಲಿಲ್ಲ. ಕಾನೂನಿನಲ್ಲಿ ಬಿಳಿಯ ಎಂದಾಗಲಿ ಕರಿಯ ಎಂದಾಗಲಿ ಒಂದಕ್ಷರವೂ ಇರಲಿಲ್ಲ.

ಇದನ್ನು ವಿವರಿಸುವಾಗ ನಾನು ನಮ್ಮ ತಾತನ ಮಾತನ್ನು ಬಳಸಿಕೊಂಡೆ. ನಮ್ಮದು ಅಜ್ಜಂಪುರದ ಕಡೆಯ ಒಂದು ಹಳ್ಳಿ. ತಾತ ರಾಗಿಯ ಮೂಟೆ ಗಾಡಿಗೆ ಹೇರಿಕೊಂಡು ಬೀರೂರಿಗೆ ಹೋಗುತ್ತಿದ್ದ ಕಾಲದಲ್ಲಿ ಕೆಲವು ಮಂಡಿಗಳಲ್ಲಿ ಎರಡು ಸೇರು ಇರುತ್ತಿದ್ದವಂತೆ. ರೈತನಿಂದ ಕೊಳ್ಳುವಾಗ ತಳ ಆಳವಾದದ್ದು, ಕೂಲಿಯವನಿಗೆ ಅಳೆದು ಕೊಡುವಾಗ ತಳ ಮೇಲೆದ್ದದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ. "ಕೈ ಹಾಕಿ ನೋಡಿದೋನಿಗೇ ಗೊತ್ತಾಗೋದು ಕಣೋ" ಎಂದು ತಾತ ಹೇಳುತ್ತಿದ್ದರು. ಅಮೆರಿಕದ ನ್ಯಾಯವೆಂದರೆ ಹೀಗೆ ಎರಡು ಸೇರಿನ ನ್ಯಾಯ ಎಂದು ನಾನು ಮೇಜು ಗುದ್ದಿದೆ. ಬಹುಮಾನ ಬಂದದ್ದು ಈ ಮಾತಿಗೇ ಎಂದು ತೀರ್ಪುಗಾರರಲ್ಲೊಬ್ಬರು ಆಮೇಲೆ ಹೇಳಿದರು.

ಮುಂದಿನ ಸಾಲಿನಲ್ಲಿ ನನ್ನ ಮಿತ್ರನೊಬ್ಬನು ಕುಳಿತಿದ್ದನು. ತರೀಕೆರೆಯ ಕಡೆಯವನು, ಅವನ ಹೆಸರು ಇಲ್ಲಿ ಬೇಡ. ನನ್ನ ಹಾಗೆಯೇ ಅವನೂ ಮನೆಯಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವನು. ಮೂರು ವರ್ಷದಿಂದ ಒಂದೇ ಬೆಂಚಿನಲ್ಲಿ ಕುಳಿತಿದ್ದೇವೆ. ಒಂದೇ ಪುಸ್ತಕವನ್ನು ಗ್ರಂಥಾಲಯದಿಂದ ಸರದಿಯ ಮೇಲೆ ತಂದು ಓದಿದ್ದೇವೆ. ಸಭೆ ಮುಗಿದ ಮೇಲೆ ಅವನು ಬಂದು ನನ್ನ ಕೈಕುಲುಕಿ, "ಚೆನ್ನಾಗಿ ಮಾತಾಡಿದೆ" ಎಂದಷ್ಟೇ ಹೇಳಿ ಹೋದನು. ನನಗೆ ಆಗ ನಾಲಿಗೆ ಒಣಗಿತು. ಏಕೆಂದರೆ ಅದಕ್ಕೆ ಮೂರು ವಾರ ಮೊದಲು ಅವನು ನಮ್ಮ ಮನೆಗೆ ಬಂದಿದ್ದನು.

ಪರೀಕ್ಷೆಗೆ ಅರ್ಥಶಾಸ್ತ್ರದ ಟಿಪ್ಪಣಿ ಕೊಡಲೆಂದು ಅವನು ಬಂದದ್ದು. ಜಗುಲಿಯ ಮೇಲೆ ಕುಳಿತೆವು. ನಮ್ಮ ಅವ್ವ ಒಳಗಿನಿಂದ ಬಂದು ನಗುತ್ತಲೇ, "ಯಾವೂರಪ್ಪ? ಯಾವ ಕಡೆಯೋರು?" ಎಂದಳು. ಅವನು ಊರು ಹೇಳಿದನು. ಅವ್ವ ಸುಮ್ಮನೆ ನಿಂತಿದ್ದಳು. ನಮ್ಮ ನಾಡಿನಲ್ಲಿ ಈ ಪ್ರಶ್ನೆಗೆ ಊರಿನ ಹೆಸರು ಪೂರ್ಣ ಉತ್ತರವಲ್ಲವೆಂಬುದು ಎಲ್ಲರಿಗೂ ಗೊತ್ತು. ಅವನು ಮುಚ್ಚಿಡದೆ ಉಳಿದದ್ದನ್ನೂ ಹೇಳಿದನು. ಸ್ವಲ್ಪ ಹೊತ್ತಿಗೆ ಕಾಫಿ ಬಂತು. ನನಗೆ ಎಂದಿನ ಸ್ಟೀಲಿನ ಲೋಟದಲ್ಲಿ. ಅವನಿಗೆ ಅಂಗಡಿಯಿಂದ ತಂದ ಕಾಗದದ ಲೋಟದಲ್ಲಿ.

ಹಿಂದೆ ನಮ್ಮ ತೋಟದ ಕೆಲಸಕ್ಕೆ ಬರುವವರಿಗೆಂದು ಸೂರಿನ ಸಂದಿಯಲ್ಲಿ ಒಂದು ಅಲ್ಯೂಮಿನಿಯಂ ಲೋಟ ಸಿಕ್ಕಿಸಿರುತ್ತಿತ್ತು. ಕುಡಿದವರೇ ತೊಳೆದು ಅಲ್ಲಿಡಬೇಕು. ನಾನು ಪ್ರೌಢಶಾಲೆಗೆ ಬರುವ ಹೊತ್ತಿಗೆ ಆ ಲೋಟ ಕಾಣೆಯಾಯಿತು. ನಮ್ಮ ಮನೆ ಸುಧಾರಿಸಿತೆಂದು ನಾನು ಒಳಗೊಳಗೇ ಹೆಮ್ಮೆಪಟ್ಟಿದ್ದೆ. ಲೋಟ ಹೋಗಿ ಕಾಗದ ಬಂದಿತ್ತು, ಅಷ್ಟೆ. ಕುಡಿದು ಎಸೆದರಾಯಿತು, ತೊಳೆಯಿರಿ ಎಂದು ಹೇಳುವ ಮುಜುಗರವೂ ಇಲ್ಲ. ಕೇಳಿದರೆ ಶುಚಿಯ ಮಾತು ಹೇಳಬಹುದು.

ಮಿತ್ರನು ಕಾಫಿ ಕುಡಿದನು. ಆ ಕಾಗದದ ಲೋಟವನ್ನು ನಮ್ಮ ಅಂಗಳದಲ್ಲಿ ಎಸೆಯದೆ, ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಟಿಪ್ಪಣಿಯ ಪುಸ್ತಕ ನನ್ನ ಕೈಗಿತ್ತು ಬಸ್ಸಿಗೆ ಹೋದನು. ನಾನು ಏನೂ ಹೇಳಲಿಲ್ಲ. ಸ್ಟೀಲಿನ ಲೋಟ ನನ್ನ ಕೈಯಲ್ಲೇ ಇತ್ತು. ಮೂರು ವಾರದ ಮೇಲೆ ಅವನೆದುರಿಗೇ ನಿಂತು ಅಲಬಾಮದ ಬಿಳಿಯರನ್ನು ಹಳಿದು ಬಹುಮಾನ ಗಳಿಸಿದೆ.

"ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ಓಡಿಸಲು ಹೋದ" ಎಂದು ಗಾದೆ ಉಂಟು. ಇಲ್ಲಿ ಅದು ಪೂರ್ತಿ ಹೊಂದುವುದಿಲ್ಲ. ಅಮೆರಿಕದ ತಟ್ಟೆಯಲ್ಲಿರುವುದೂ ಹೆಗ್ಗಣವೇ. ಅದನ್ನು ಕುರಿತು ಮಾತನಾಡಬಾರದೆಂದು ನಾನು ಹೇಳುವುದಿಲ್ಲ. ಮಾತನಾಡಲು ಹಿಡಿದ ಸೇರು ಯಾವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆ ನನಗೆ ಇನ್ನೊಂದು ದಿಕ್ಕಿನಿಂದಲೂ ಹೊಳೆಯಬೇಕಾಗಿತ್ತು. ಎರಡನೆಯ ವರ್ಷದ ಬೇಸಿಗೆ ರಜೆಯಲ್ಲಿ ನಾನು ಬೆಂಗಳೂರಿಗೆ ಗೋದಾಮೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಹೋಗಿದ್ದೆ. ಬಾಡಿಗೆಗೆ ಕೋಣೆ ಹುಡುಕಿದಾಗ ಮನೆಯ ಯಜಮಾನರೊಬ್ಬರು ನನ್ನ ಮಾತಿನ ಧಾಟಿ ಕೇಳಿ, ಮೈಬಣ್ಣ ನೋಡಿ, "ನಿಮ್ಮ ಜನ ಯಾವುದು? ಮಾಂಸ ತಿನ್ನುತ್ತೀರಾ?" ಎಂದು ವಿಚಾರಿಸಿ, ಕೋಣೆ ಬೇರೆಯವರಿಗೆ ಮಾತಾಗಿದೆ ಎಂದರು. ಮರುದಿನವೂ ಆ ಬಾಗಿಲಿನ ಮೇಲೆ ಬಾಡಿಗೆಗಿದೆ ಎಂಬ ಹಲಗೆ ತೂಗುತ್ತಿತ್ತು. ಅಂದು ರಾತ್ರಿ ನಾನು ನಿದ್ದೆಮಾಡಲಿಲ್ಲ. ರೈತನ ಮಗನನ್ನು, ಓದಿದವನನ್ನು, ಹೀಗೆ ಅಂದರಲ್ಲ ಎಂದು ಕುದಿದೆ. ಆದರೆ ಆ ಕುದಿ ನಮ್ಮ ಜಗುಲಿಯವರೆಗೆ ಬರಲಿಲ್ಲ. ನನ್ನನ್ನು ತಪ್ಪಾದ ಕಡೆ ನಿಲ್ಲಿಸಿದರು ಎಂಬುದೇ ನನ್ನ ದುಃಖವಾಗಿತ್ತೇ ಹೊರತು, ಹಾಗೆ ಜನರನ್ನು ಎರಡು ಕಡೆ ನಿಲ್ಲಿಸುವುದೇ ತಪ್ಪೆಂಬ ದುಃಖವಲ್ಲ.

ಭಾರತೀಯರೊಬ್ಬರ ಒಂದು ಮೊಕದ್ದಮೆಯನ್ನು ಈಚೆಗೆ ಓದಿದಾಗ ನನ್ನ ಮುಖವೇ ಅದರಲ್ಲಿ ಕಂಡಿತು. ಪಂಜಾಬಿನ ಭಗತ್ ಸಿಂಗ್ ಥಿಂಡ್ ಎಂಬವರು ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು. ಬಿಳಿಯರಿಗೂ ಆಫ್ರಿಕ ಮೂಲದವರಿಗೂ ಮಾತ್ರ ಪೌರತ್ವ ಕೊಡುತ್ತಿದ್ದ ಕಾಲವದು. ಅವರ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ಮಂಡಿಸಿದ ವಾದವೇನು? ಇಂಥ ಬೇಲಿ ಅನ್ಯಾಯ ಎಂದಲ್ಲ. ಇವರು ಮೇಲ್ಜಾತಿಯ ಹಿಂದೂ, ಆರ್ಯ ಕುಲದವರು, ಆದ್ದರಿಂದ ಇವರೂ ಬಿಳಿಯರೇ ಎಂದು! 1923ರಲ್ಲಿ ನ್ಯಾಯಾಲಯ, ಸಾಮಾನ್ಯ ಮನುಷ್ಯನು ಯಾರನ್ನು ಬಿಳಿಯನೆಂದು ತಿಳಿಯುತ್ತಾನೋ ಅವನೇ ಬಿಳಿಯನು ಎಂದು ಆ ವಾದವನ್ನು ತಳ್ಳಿಹಾಕಿತು. ಮೊದಲೇ ಪೌರತ್ವ ಪಡೆದಿದ್ದ ಬೇರೆ ಭಾರತೀಯರೂ ಅದನ್ನು ಕಳೆದುಕೊಂಡರು. ಬೇಲಿಯನ್ನು ಒಪ್ಪಿಕೊಂಡು ತಾನು ಮಾತ್ರ ಒಳಗೆ ಹೋಗುತ್ತೇನೆಂದವರಿಗೆ ಅದೇ ಬೇಲಿಯ ಮುಳ್ಳು ಚುಚ್ಚಿತು. ಮುಂದೆ 1946ರಲ್ಲಿ ಬಾಗಿಲು ಸ್ವಲ್ಪ ತೆರೆದು, 1965ರ ವಲಸೆ ಕಾನೂನಿನಿಂದ ಪೂರ್ತಿ ತೆರೆಯಿತು. 1964ರ ನಾಗರಿಕ ಹಕ್ಕುಗಳ ಕಾನೂನನ್ನು ತಂದ ಕಪ್ಪು ಜನರ ಹೋರಾಟದ ಗಾಳಿಯೇ ಈ ಬಾಗಿಲನ್ನೂ ತಳ್ಳಿತು. ಇಂದು ಅಲ್ಲಿ ಕನ್ನಡ ಕೂಟ ಕಟ್ಟಿ ರಾಜ್ಯೋತ್ಸವ ಮಾಡುವ ನಮ್ಮವರು ಒಳಹೋದದ್ದು ಬಹುಪಾಲು ಈ ಬಾಗಿಲಿನಿಂದ. ಹಾಗೆ ಹೋದ ಭಾರತೀಯರ ಪೆಟ್ಟಿಗೆಯಲ್ಲಿ ಜಾತಿಯೂ ಹೋಯಿತೆಂದು ತಿಳಿದ ಸಿಯಾಟಲ್ ನಗರಸಭೆ 2023ರ ಫೆಬ್ರವರಿಯಲ್ಲಿ ಜಾತಿಭೇದವನ್ನು ನಿಷೇಧಿಸುವ ಕಟ್ಟಳೆ ಮಾಡಬೇಕಾಯಿತು. ಅಮೆರಿಕದ ನಗರಗಳಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ದೂರದ ಮಾತು ಸಾಕು. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೆಸರಘಟ್ಟದ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಹಾದು ಹೆಂಗಸೊಬ್ಬಳು ಸತ್ತಳು. ಆಮೇಲೆ ಅದೇ ದಾರಿಯಲ್ಲಿ ಬಂದ ತಾಂಜಾನಿಯದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆದು, ಅವಳು ಬಂದ ಕಾರಿಗೆ ಬೆಂಕಿಯಿಟ್ಟಿತು. ದೇಶ ಬೇರೆ, ಆಸಾಮಿ ಬೇರೆ. ಬಣ್ಣ ಒಂದೇ ಆಗಿದ್ದದ್ದು ಗುಂಪಿಗೆ ಸಾಕಾಯಿತು. ನಮ್ಮದೇ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡುಗಳಲ್ಲಿ ತಲೆಮಾರುಗಳಿಂದ ಇರುವ ಸಿದ್ದಿಗಳು ಕನ್ನಡ ಕೊಂಕಣಿಗಳನ್ನಾಡುವ ನಮ್ಮ ನಾಡಿನವರು. ಅವರು ಪಟ್ಟಣಕ್ಕೆ ಬಂದರೆ ಯಾವ ದೇಶದವರೆಂದು ಕೇಳುವವರು ಈಗಲೂ ಉಂಟು.

ಇನ್ನೂ ಹತ್ತಿರ ಬರೋಣ. 2024ರ ಜನವರಿಯಲ್ಲಿ ನಮ್ಮ ತರೀಕೆರೆ ತಾಲ್ಲೂಕಿನ ಗೇರುಮರಡಿಯ ಗೊಲ್ಲರಹಟ್ಟಿಯ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಣ್ಣು ತೋಡುವ ಯಂತ್ರ ನಡೆಸಿಕೊಂಡು ಕೆಲಸಕ್ಕೆ ಬಂದ ದಲಿತ ಯುವಕನೊಬ್ಬನನ್ನು, ಹಟ್ಟಿಯೊಳಗೆ ಕಾಲಿಟ್ಟನೆಂದು ಹೊಡೆದರು. ಯಂತ್ರ ಒಳಗೆ ಬರಬಹುದು, ನಡೆಸುವವನು ಬರಬಾರದು! ಆಮೇಲೆ ದಲಿತ ಸಂಘಟನೆಗಳವರು ಪೊಲೀಸರ ಕಾವಲಿನಲ್ಲಿ ಹಟ್ಟಿಯನ್ನು ಪ್ರವೇಶಿಸಿದರು. ಆ ಹಟ್ಟಿಯವರು ದೊಡ್ಡ ಜಮೀನ್ದಾರರೇನಲ್ಲ; ಊರಾಚೆ ಹಟ್ಟಿ ಕಟ್ಟಿಕೊಂಡು, ತಾವೂ ಹಿಂದುಳಿದವರೆನಿಸಿಕೊಂಡು ಬಂದ ಜನ. ಇದನ್ನು ಬೊಟ್ಟುಮಾಡಿ ತೋರಿಸಲು ನನಗೆ ಅಧಿಕಾರವಿಲ್ಲ. ನಮ್ಮ ಮನೆಯವರು ಹೊಡೆಯುವುದಿಲ್ಲ, ನಗುತ್ತಾ ಕಾಗದದ ಲೋಟ ಕೊಡುತ್ತಾರೆ, ಅಷ್ಟೇ ವ್ಯತ್ಯಾಸ. ತುಳಿಸಿಕೊಂಡವನಿಗೆ ತುಳಿತದ ನೋವು ತಾನಾಗಿಯೇ ಅರ್ಥವಾಗುತ್ತದೆಂದು ನಾವು ನಂಬಿದ್ದೇವೆ. ಹಾಗೆ ಆಗುವುದಿಲ್ಲವೆಂಬುದಕ್ಕೆ ಬೆಂಗಳೂರಿನ ಆ ಬಾಗಿಲಿನಿಂದ ಹಿಂದಿರುಗಿ ಬಂದ ನಾನೇ ಸಾಕ್ಷಿ.

ಇಲ್ಲಿ ಎರಡು ಆಕ್ಷೇಪಣೆಗಳು ಬರಬಹುದು. ಅಮೆರಿಕದ ವರ್ಣ ಬೇರೆ, ನಮ್ಮ ಜಾತಿ ಬೇರೆ. ಎರಡನ್ನೂ ಒಂದೇ ದಾರದಲ್ಲಿ ಕಟ್ಟುವುದು ಸರಿಯೆ ಎಂಬುದು ಮೊದಲನೆಯದು. ಬೇರೆ ಎಂಬುದು ನಿಜ. ಅಲ್ಲಿ ಬಣ್ಣ ಕಣ್ಣಿಗೆ ಕಾಣುತ್ತದೆ. ಇಲ್ಲಿ ಕೇಳಿ ತಿಳಿಯಬೇಕು, ಆದ್ದರಿಂದಲೇ ನಮ್ಮಲ್ಲಿ ಊರು, ಮನೆದೇವರು, ಊಟದ ಪ್ರಶ್ನೆಗಳು ಇಷ್ಟು ಸೂಕ್ಷ್ಮವಾಗಿ ಬೆಳೆದಿವೆ. ಆದರೆ ಎರಡನ್ನೂ ಬಲ್ಲವರು ಹೋಲಿಕೆಯನ್ನು ಕಂಡಿದ್ದಾರೆ. 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯಕ್ಕೆ ಓದಲು ಹೋಗಿದ್ದ ಡಾಕ್ಟರ್ ಅಂಬೇಡ್ಕರರು 1946ರಲ್ಲಿ ಕಪ್ಪು ಜನರ ವಿದ್ವಾಂಸ ಡುಬಾಯ್ಸ್ ಅವರಿಗೆ ಪತ್ರ ಬರೆದು, ಅಸ್ಪೃಶ್ಯರ ಸ್ಥಿತಿಗೂ ಅಮೆರಿಕದ ಕಪ್ಪು ಜನರ ಸ್ಥಿತಿಗೂ ಬಹಳ ಸಾಮ್ಯವಿದೆಯೆಂದು ತಿಳಿಸಿದರು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಭಾರತಕ್ಕೆ ಬಂದಾಗ ತಿರುವನಂತಪುರದ ಶಾಲೆಯೊಂದರ ಮುಖ್ಯೋಪಾಧ್ಯಾಯರು ದಲಿತ ಮಕ್ಕಳಿಗೆ ಅವರನ್ನು ಅಮೆರಿಕದಿಂದ ಬಂದ ಅಸ್ಪೃಶ್ಯರೊಬ್ಬರು ಎಂದು ಪರಿಚಯಿಸಿದರಂತೆ. ಮೊದಲು ತಮಗೆ ಆಘಾತವಾಯಿತು, ಯೋಚಿಸಿದ ಮೇಲೆ ಆ ಮಾತು ನಿಜವೆನಿಸಿತು ಎಂದು ಕಿಂಗ್ ಅವರೇ 1965ರ ಪ್ರವಚನವೊಂದರಲ್ಲಿ ಹೇಳಿಕೊಂಡಿದ್ದಾರೆ. ಅವರಿಗೆ ಒಪ್ಪಿಗೆಯಾದದ್ದು ನಮಗೆ ಏಕೆ ಕಷ್ಟ?

ಎರಡನೆಯ ಆಕ್ಷೇಪಣೆ: ನಮ್ಮಲ್ಲಿ ಕಾನೂನು ಯಾವಾಗಲೋ ಆಗಿದೆಯಲ್ಲ? ಆಗಿದೆ. ಸಂವಿಧಾನದ 17ನೆಯ ವಿಧಿ 1950ರಿಂದಲೇ ಇದೆ. ರೋಸಾ ಪಾರ್ಕ್ಸಳನ್ನು ಎಬ್ಬಿಸಿದ 1955ರಲ್ಲಿಯೇ ನಮ್ಮಲ್ಲಿ ಅಸ್ಪೃಶ್ಯತಾ ಅಪರಾಧಗಳ ಕಾನೂನು ಬಂತು. ಅಲ್ಲಿ ಕಾನೂನು ಅವಳನ್ನು ಎಬ್ಬಿಸುತ್ತಿದ್ದ ವರ್ಷ, ಇಲ್ಲಿ ಕಾನೂನು ಹೋಟೆಲಿನ ಲೋಟ ತಟ್ಟೆಗಳು ಎಲ್ಲರಿಗೂ ಒಂದೇ ಎಂದು ಹೇಳಿತು. ಇದು ನಮಗೆ ಗೌರವದ ಸಂಗತಿಯೇ. ಆದರೆ ಈ ಗೌರವದಿಂದಲೇ ನಮ್ಮ ತಪ್ಪು ಹೆಚ್ಚುತ್ತದೆ. ಒಳ್ಳೆಯ ಕಾನೂನಿರುವ ನಾಡಿನಲ್ಲಿ ಉಳಿದ ಕೆಟ್ಟ ರೂಢಿಗೆ ಸರ್ಕಾರವನ್ನು ದೂರಿ ಕೈತೊಳೆದುಕೊಳ್ಳುವ ಅವಕಾಶವಿಲ್ಲ. ಹೋಟೆಲಿನ ಪಾತ್ರೆಯ ಮಾತನ್ನು ಶಾಸನ ಸಭೆಯವರು ಆಡಿದ್ದಾರೆ. ನಮ್ಮ ಜಗುಲಿಯ ಲೋಟದ ಮಾತನ್ನು ಆಡಬೇಕಾದವರು ಆ ಮನೆಯಲ್ಲಿ ಓದಿದವರು.

ಓದಿದವರು ಎಂದರೆ ಯಾರು? ನಮ್ಮ ತರಗತಿಯಲ್ಲಿ ಬಹುಮಂದಿ ನನ್ನಂತೆಯೇ ಮನೆಗೆ ಮೊದಲ ಪದವೀಧರರು. ನಮ್ಮ ಮನೆಗಳಲ್ಲಿ ನಮ್ಮ ಮಾತಿಗೆ ತೂಕವಿದೆ. ಬ್ಯಾಂಕಿನ ಕಾಗದ, ಪಹಣಿ, ಔಷಧಿಯ ಚೀಟಿ ಎಲ್ಲವನ್ನೂ ಓದಿ ಹೇಳುವವರು ನಾವು. ಆ ತೂಕವನ್ನು ಈ ಒಂದು ವಿಷಯಕ್ಕೆ ಮಾತ್ರ ಬಳಸದೆ, ಊರಿಗೆ ಹೋದ ಕೂಡಲೆ ಅಂಗಿಯೊಡನೆ ವಿದ್ಯೆಯನ್ನೂ ಗೂಟಕ್ಕೆ ನೇತುಹಾಕುತ್ತೇವೆ. ಹಿರಿಯರ ಮನಸ್ಸು ನೋಯಿಸಬಾರದೆನ್ನುತ್ತೇವೆ. ಬಂದ ಅತಿಥಿಯ ಮನಸ್ಸು ಮಾತ್ರ ನೋಯಬಹುದು!

ಆ ಬಹುಮಾನದ ಸಂಜೆ ನಾನು ಕಡೂರಿನಿಂದ ರೈಲಿನಲ್ಲಿ ಅಜ್ಜಂಪುರಕ್ಕೆ ಹೋಗಿ ಮನೆ ಸೇರಿದಾಗ ಅವ್ವ ಕಾಫಿ ತಂದಳು. ನನಗೂ ಕಾಗದದ ಲೋಟದಲ್ಲೇ ಕೊಡು ಎಂದೆ. ಅವಳಿಗೆ ಕೂಡಲೆ ಅರ್ಥವಾಯಿತು. "ನಾನೇನು ಬೈದ್ನಾ ಆ ಹುಡುಗನ್ನ? ಊರೋರು ನಾಳೆ ಏನಂತಾರೆ ಅಂತ ನಿಂಗೇನು ಗೊತ್ತು?" ಎಂದು ಕಣ್ಣಲ್ಲಿ ನೀರು ತಂದಳು. ನಮ್ಮ ಅವ್ವ ಕೆಟ್ಟವಳಲ್ಲ. ಜಡ್ಡಾದಾಗ ಆ ಕೇರಿಯ ಮಕ್ಕಳಿಗೂ ಗಂಜಿ ಕಳಿಸಿದವಳು. ಒಳ್ಳೆಯವರ ಮನೆಯಲ್ಲಿಯೇ ಎರಡು ಸೇರು ಇರಬಲ್ಲವೆಂಬುದು ಅಂದು ನನಗೆ ತಿಳಿಯಿತು. ತಪ್ಪನ್ನು ಅವಳ ಮೇಲೆ ಹೊರಿಸಿ ನಾನು ಪಾರಾಗುವುದೂ ಸಾಧ್ಯವಿಲ್ಲ. ಅಂದು ಜಗುಲಿಯ ಮೇಲೆ ಎರಡು ಲೋಟಗಳನ್ನು ಅದಲುಬದಲು ಮಾಡಲು ಒಂದು ಕ್ಷಣ ಸಾಕಾಗಿತ್ತು.

ಅದಾದ ಮೇಲೆ ಮನೆಯಲ್ಲಿ ಕೆಲವು ದಿನ ಮಾತು ಕಡಿಮೆಯಾಯಿತು. ಈಗ ತೋಟಕ್ಕೆ ಬರುವವರಿಗೆ ಕಾಫಿ ಕೊಡುವ ಕೆಲಸ, ನಾನಿದ್ದ ದಿನ, ನನ್ನದು. ಒಳಗಿನ ಲೋಟದಲ್ಲಿಯೇ ಕೊಡುತ್ತೇನೆ. ಮೊದಲ ದಿನ ಆ ಮುದುಕಿ ಕೈಚಾಚಲಿಲ್ಲ. "ಬ್ಯಾಡ ಕಣಪ್ಪ, ನಿಮ್ಮವ್ವ ಬಯ್ತಾರೆ" ಎಂದಳು. ಅವ್ವ ಒಳಗಿನಿಂದಲೇ, "ಕುಡಿಯಮ್ಮ, ಆರೋಗ್ತದೆ" ಎಂದಳು. ನಾನಿಲ್ಲದ ದಿನ ಯಾವ ಲೋಟವೋ ನಾನು ಕೇಳಿಲ್ಲ.

ಈ ಲೇಖನವನ್ನು ಸಂಪಾದಕ ಮಂಡಲಿಗೆ ಕೊಡುವ ಮುನ್ನ ನನ್ನ ಮಿತ್ರನಿಗೆ ತೋರಿಸಿದೆ. ಅವನು ಎರಡು ಸಲ ಓದಿದನು. ಮತ್ತೆ ಮನೆಗೆ ಬಾ ಎಂದು ಕರೆದೆ; ನೋಡೋಣ ಎಂದನು, ಬರುತ್ತೇನೆ ಎನ್ನಲಿಲ್ಲ. ಅವನನ್ನು ಒತ್ತಾಯಿಸುವ ಹಕ್ಕು ನನಗಿಲ್ಲ. ಏನಾದರೂ ತೆಗೆಯಬೇಕೆ ಎಂದು ಕೇಳಿದಾಗ ಅವನು ಹೇಳಿದ್ದಿಷ್ಟು: "ನನ್ನ ಹೆಸರು ಬೇಡ. ಪುಟ ಸಾಲದಿದ್ದರೆ ಅಮೆರಿಕದ್ದು ಕಡಿಮೆ ಮಾಡು. ನಿಮ್ಮನೆ ಲೋಟದ್ದು ಬಿಡಬೇಡ."